ಯಂತ್ರ ಕೆಟ್ಟಾಗ ಯಾವ ಭಾಷೆಯಲ್ಲಿ ಯೋಚಿಸಬೇಕು?

ಗಡಿನಾಡಾದ ಕಾಸರಗೋಡಿನಲ್ಲಿ ಕನ್ನಡ ಶಾಲೆಯೊಂದು ಐವತ್ತು ಸಂವತ್ಸರಗಳನ್ನು ಪೂರೈಸಿ ಸುವರ್ಣ ಮಹೋತ್ಸವವನ್ನು ಆಚರಿಸುತ್ತಿರುವುದು ಈ ನೆಲದ ಸಮಸ್ತ ಕನ್ನಡಿಗರಿಗೂ ಹೆಮ್ಮೆಯ ಸಂಗತಿ. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಗಿ ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ಇಲ್ಲಿ ಕನ್ನಡದ ದೀಪ ಆರದಂತೆ ಎಣ್ಣೆ ಎರೆದವರಲ್ಲಿ ಶಾಲಾ ಅಧ್ಯಾಪಕರೇ ಮೊದಲಿಗರು. ಮನೆಯಲ್ಲಿ ತುಳು, ಹವ್ಯಕ, ಕೊಂಕಣಿ, ಮರಾಟಿ, ಬ್ಯಾರಿ ಮಾತನಾಡುವ ಮಕ್ಕಳು ಒಂದೇ ಬೆಂಚಿನಲ್ಲಿ ಕುಳಿತು ಓದುಬರಹಕ್ಕೆ ಕನ್ನಡವನ್ನು ತಮ್ಮದಾಗಿಸಿಕೊಂಡರು. ಇಂತಹ ಸಂಚಿಕೆಗಳಲ್ಲಿ ಆ ಹಿರಿಯರನ್ನು ಸ್ಮರಿಸುವುದು ಸಂಪ್ರದಾಯ. ಅದು ನಮ್ಮ ಕರ್ತವ್ಯವೂ ಹೌದು. ಆದರೆ ಮುಂದಿನ ಐವತ್ತು ವರ್ಷಗಳ ಕುರಿತೂ ಯಾರಾದರೂ ಒಂದು ಮಾತು ಹೇಳಬೇಕಷ್ಟೆ. ಅದಕ್ಕಾಗಿ ನಾನು ಆಯ್ದುಕೊಂಡಿರುವ ವಿಷಯ ಮೇಲುನೋಟಕ್ಕೆ ತೀರಾ ಚಿಕ್ಕದು. ಶಾಲೆಯ ಲಿನಕ್ಸ್ ಲ್ಯಾಪ್‌ಟಾಪನ್ನು ವೈಫೈ ಹಾಟ್‌ಸ್ಪಾಟ್ ಆಗಿ ಬಳಸಲು ಹೊರಟಾಗ ಅದು ಕೆಲಸ ಮಾಡದಿದ್ದರೆ ಏನು ಮಾಡಬೇಕು ಎಂಬುದೇ ಆ ವಿಷಯ.

ಸಂದರ್ಭ ಅಧ್ಯಾಪಕರೆಲ್ಲರಿಗೂ ಪರಿಚಿತವಾದದ್ದೇ. ಅಂತರ್ಜಾಲದ ತಂತಿ ಶಾಲಾ ಕಛೇರಿಯವರೆಗೆ ಬಂದಿರುತ್ತದೆ. ತರಗತಿ ಇರುವುದು ಅಂಗಳದ ಆಚೆ, ಮುರಕಲ್ಲಿನ ದಪ್ಪ ಗೋಡೆಗಳ ಹಿಂದೆ. ಅಲ್ಲಿಗೆ ಮೊಬೈಲ್ ಸಂಕೇತವೂ ಸರಿಯಾಗಿ ಸಿಗದು. ಉದ್ದನೆಯ ತಂತಿಯೊಂದನ್ನು ಎಳೆದು ಒಂದು ಲ್ಯಾಪ್‌ಟಾಪಿಗೆ ಜೋಡಿಸಿ, ಅದರಿಂದ ಉಳಿದ ಹತ್ತು ಹನ್ನೆರಡು ಲ್ಯಾಪ್‌ಟಾಪುಗಳಿಗೆ ನಿಸ್ತಂತುವಾಗಿ ಹಂಚಿದರೆ ಕೆಲಸ ಮುಗಿಯಿತು. ಇದಕ್ಕೆ ಪ್ರತ್ಯೇಕ ಉಪಕರಣ ಬೇಡ, ಹಣವೂ ಬೇಡ. ವೈಫೈ ಸಂಯೋಜನೆಯ ಪುಟದಲ್ಲಿ ಹಾಟ್‌ಸ್ಪಾಟನ್ನು ಆರಂಭಿಸುವ ಒಂದು ಆಯ್ಕೆ ಇದೆ, ಅದನ್ನು ಒತ್ತಿದರಾಯಿತು. ಆದರೆ ಒತ್ತಿದ ಬಳಿಕ ಮಕ್ಕಳ ಪರದೆಯಲ್ಲಿ ಜಾಲದ ಹೆಸರು ಕಾಣಿಸುವುದಿಲ್ಲ. ಕಾಣಿಸಿದರೂ ಸೇರಲು ಆಗುವುದಿಲ್ಲ. ಸೇರಿದರೂ ಪುಟ ತೆರೆಯುವುದಿಲ್ಲ.

ಮುಂದೇನಾಗುತ್ತದೆ? ಪೇಟೆಯಿಂದ ಬಲ್ಲವರೊಬ್ಬರನ್ನು ಕರೆಸಲಾಗುತ್ತದೆ. ಅವರು ಬಂದು, ಹತ್ತು ನಿಮಿಷ ಏನೇನನ್ನೋ ಒತ್ತಿ, ಸರಿಪಡಿಸಿ ಹೋಗುತ್ತಾರೆ. ಏನು ಕೆಟ್ಟಿತ್ತು, ಏಕೆ ಕೆಟ್ಟಿತ್ತು ಎಂಬುದನ್ನು ಅವರು ಹೇಳುವುದಿಲ್ಲ. ಹೇಳಿದರೂ ಇಂಗ್ಲಿಷಿನಲ್ಲೋ ಮಲಯಾಳದಲ್ಲೋ ಹೇಳುತ್ತಾರೆ. ಅವರಲ್ಲಿ ತಪ್ಪಿಲ್ಲ. ಅವರು ಕಲಿತದ್ದು ಹಾಗೆ. ಆದರೆ ನೋಡುತ್ತ ನಿಂತ ಮಗು ಅಂದು ಒಂದು ಪಾಠವನ್ನು ಕಲಿಯುತ್ತದೆ: ಕಥೆ, ಕವಿತೆ, ಸ್ವಾಗತ ಭಾಷಣಗಳಿಗೆ ಕನ್ನಡ ಸಾಕು, ಯಂತ್ರ ಕೆಟ್ಟಾಗ ಬೇಕಾಗುವುದು ಬೇರೆ ಭಾಷೆ. ಯಾವ ಪಠ್ಯಪುಸ್ತಕದಲ್ಲೂ ಇಲ್ಲದ ಈ ಪಾಠ ಮನೆಗೂ ತಲಪುತ್ತದೆ. ಮುಂದಿನ ವರ್ಷ ಒಂದನೆಯ ತರಗತಿಗೆ ಮಗುವನ್ನು ಸೇರಿಸುವಾಗ ತಂದೆತಾಯಿಗಳು ಯಾವ ಶಾಲೆಯ ಬಾಗಿಲಿಗೆ ಹೋಗುತ್ತಾರೆ ಎಂಬುದನ್ನು ನಿರ್ಧರಿಸುವ ಕಾರಣಗಳಲ್ಲಿ ಇದೂ ಒಂದು.

ಆದುದರಿಂದ ನನ್ನ ಅಭಿಪ್ರಾಯ ಇಷ್ಟೇ. ಕನ್ನಡ ಶಾಲೆಗೆ ಯಂತ್ರಗಳನ್ನು ಒದಗಿಸಿದರೆ ಸಾಲದು. ಯಂತ್ರದ ದೋಷವನ್ನು ಕ್ರಮವಾಗಿ ಹುಡುಕುವ ವಿದ್ಯೆಯನ್ನು ಕನ್ನಡದಲ್ಲೇ ಕಲಿಸಬೇಕು. ಹಾಗೆ ಕಲಿಸುವುದಕ್ಕೆ ಈ ಹಾಟ್‌ಸ್ಪಾಟಿನಷ್ಟು ಉತ್ತಮವಾದ ಪಾಠ ಇನ್ನೊಂದಿಲ್ಲ.

ಲಿನಕ್ಸ್ ಎಂಬ ಹೆಸರು ಕೆಲವು ಹಿರಿಯರಿಗೆ ಹೊಸದಾಗಿರಬಹುದು. 1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ವಿದ್ಯಾರ್ಥಿಯಾಗಿದ್ದ ಲಿನುಸ್ ಟೊರ್ವಾಲ್ಡ್ಸ್ ಅವರು ಆರಂಭಿಸಿದ ಈ ತಂತ್ರಾಂಶವನ್ನು ಯಾರೂ ಹಣ ತೆರದೆ ಬಳಸಬಹುದು, ಬಿಚ್ಚಿ ನೋಡಬಹುದು, ತಿದ್ದಿ ಹಂಚಬಹುದು. ಕೇರಳದ ಶಾಲೆಗಳಲ್ಲಿ 2001ರಲ್ಲಿ ಮೊದಲಾದ ಐಟಿ ಅಟ್ ಸ್ಕೂಲ್ ಯೋಜನೆ ಆ ದಶಕದಲ್ಲೇ ಸ್ವತಂತ್ರ ತಂತ್ರಾಂಶದ ಹಾದಿ ಹಿಡಿಯಿತು. 2017ರಲ್ಲಿ ಅದು ಕೈಟ್ ಎಂಬ ಸರಕಾರಿ ಸಂಸ್ಥೆಯಾಗಿ ರೂಪಾಂತರ ಹೊಂದಿತು. 2018ರಲ್ಲಿ ಉದ್ಘಾಟನೆಗೊಂಡ ಹೈಟೆಕ್ ಶಾಲಾ ಯೋಜನೆಯ ಗುರಿ 45,000 ತರಗತಿ ಕೋಣೆಗಳು. ಅಂದರೆ ನಮ್ಮ ಮಕ್ಕಳ ಕೈಗೆ ಲಿನಕ್ಸ್ ಈಗಾಗಲೇ ಬಂದಿದೆ. ಬೇರೆ ಊರುಗಳ ಕನ್ನಡ ಶಾಲೆಗಳಿಗೆ ಸುಲಭವಾಗಿ ಸಿಗದ ಒಂದು ಭಾಗ್ಯ ಗಡಿಯಾಚೆಗಿರುವ ನಮಗೆ ದೊರೆತಿದೆ ಎಂಬುದನ್ನು ನಾವು ಗಮನಿಸಿದಂತಿಲ್ಲ.

ದೋಷ ಹುಡುಕುವ ವಿದ್ಯೆಯೇನೂ ನಮ್ಮವರಿಗೆ ಹೊಸತಲ್ಲ. ಈ ಜಿಲ್ಲೆಯ ಗುಡ್ಡಗಳಲ್ಲಿ ಮುರಕಲ್ಲನ್ನು ಕೊರೆದು ಮಾಡಿದ ಸುರಂಗಗಳಿವೆ. ಸುರಂಗದ ನೀರು ಹರಿದು ಬಂದು ಕೆಳಗಿನ ಕೆರೆಯಲ್ಲಿ ನಿಲ್ಲುತ್ತದೆ. ಅಲ್ಲಿಂದ ದಂಬೆಯಲ್ಲಿ ಇಳಿದು ಅಡಿಕೆ ತೋಟ ಸೇರುತ್ತದೆ. ತೋಟದ ಕೊನೆಯ ಸಾಲಿಗೆ ನೀರು ಬರದಿದ್ದರೆ ಕೃಷಿಕನು ಹಾರೆ ಹಿಡಿದು ಹೊಸ ಸುರಂಗ ತೋಡಲು ಹೊರಡುವುದಿಲ್ಲ. ಮೊದಲು ಸುರಂಗದ ಬಾಯಿಯಲ್ಲಿ ನೀರಿದೆಯೇ ನೋಡುತ್ತಾನೆ. ಬಳಿಕ ಕೆರೆ, ಬಳಿಕ ದಂಬೆ, ಬಳಿಕ ತೋಡು. ಎಲ್ಲಿಯವರೆಗೆ ನೀರಿದೆ, ಎಲ್ಲಿಂದ ಮುಂದಕ್ಕೆ ಇಲ್ಲ ಎಂಬುದು ತಿಳಿದರೆ ಅರ್ಧ ಕೆಲಸ ಮುಗಿದಂತೆ. ಹಾಟ್‌ಸ್ಪಾಟ್ ಸರಿಪಡಿಸುವ ಕ್ರಮವೂ ಯಥಾವತ್ತಾಗಿ ಇದೇ.

ಮೊದಲನೆಯದಾಗಿ ಮೂಲದಲ್ಲಿ ನೀರಿದೆಯೇ ಎಂದು ನೋಡಬೇಕು. ತಂತಿ ಜೋಡಿಸಿದ ಲ್ಯಾಪ್‌ಟಾಪಿನಲ್ಲೇ ಒಂದು ಪುಟ ತೆರೆಯಲಿ. ಅದರಲ್ಲೇ ಅಂತರ್ಜಾಲ ಇಲ್ಲದಿದ್ದರೆ ಹಾಟ್‌ಸ್ಪಾಟನ್ನು ದೂರಿ ಪ್ರಯೋಜನವಿಲ್ಲ. ಇಲ್ಲಿ ಸಾಮಾನ್ಯವಾದ ಒಂದು ಗೊಂದಲವಿದೆ. ಕೆಲವರು ತಂತಿಯಿಲ್ಲದೆ, ವೈಫೈ ಮೂಲಕವೇ ಅಂತರ್ಜಾಲವನ್ನು ಪಡೆದು ಅದನ್ನೇ ವೈಫೈ ಮೂಲಕ ಹಂಚಲು ಹೊರಡುತ್ತಾರೆ. ಲ್ಯಾಪ್‌ಟಾಪಿನ ಒಳಗಿರುವ ನಿಸ್ತಂತು ಕಾರ್ಡ್ ಸಾಮಾನ್ಯವಾಗಿ ಒಂದೇ. ಹಾಟ್‌ಸ್ಪಾಟ್ ಆರಂಭಿಸಿದೊಡನೆ ಅದು ಪಡೆಯುವ ಕೆಲಸವನ್ನು ಬಿಟ್ಟು ಕೊಡುವ ಕೆಲಸಕ್ಕೆ ನಿಲ್ಲುತ್ತದೆ, ಮೂಲವೇ ಕಡಿದುಹೋಗುತ್ತದೆ. ಎರಡನ್ನೂ ಏಕಕಾಲದಲ್ಲಿ ಮಾಡಬಲ್ಲ ಕಾರ್ಡುಗಳು ಇವೆಯಾದರೂ ಅವುಗಳಿಗೂ ಕಟ್ಟುಪಾಡುಗಳುಂಟು. ತಂತಿಯಿಂದ ಪಡೆದು ನಿಸ್ತಂತುವಾಗಿ ಹಂಚುವುದೇ ಶಾಲೆಗೆ ಸರಿಯಾದ ಮಾರ್ಗ.

ಎರಡನೆಯದಾಗಿ ಕಾರ್ಡ್ ಎಚ್ಚರವಾಗಿದೆಯೇ, ಅದಕ್ಕೆ ಹಂಚುವ ಸಾಮರ್ಥ್ಯವಿದೆಯೇ ಎಂದು ತಿಳಿಯಬೇಕು. ಆರ್‌ಎಫ್‌ಕಿಲ್ ಎಂಬ ಆಜ್ಞೆ ಕೊಟ್ಟರೆ ರೇಡಿಯೋವನ್ನು ತಡೆಹಿಡಿಯಲಾಗಿದೆಯೇ ಎಂಬುದು ಕಾಣುತ್ತದೆ. ತಡೆ ಎರಡು ಬಗೆಯದು: ತಂತ್ರಾಂಶದಿಂದ ಹಾಕಿದ್ದು, ಲ್ಯಾಪ್‌ಟಾಪಿನ ಗುಂಡಿಯಿಂದ ಹಾಕಿದ್ದು. ಎರಡನೆಯದನ್ನು ಆಜ್ಞೆಯಿಂದ ತೆಗೆಯಲಾಗದು, ಗುಂಡಿಯನ್ನೇ ಹುಡುಕಬೇಕು. ತರುವಾಯ ಐಡಬ್ಲ್ಯೂ ಲಿಸ್ಟ್ ಎಂಬ ಆಜ್ಞೆ ಕೊಟ್ಟರೆ ಕಾರ್ಡ್ ಮಾಡಬಲ್ಲ ಕೆಲಸಗಳ ಪಟ್ಟಿ ಬರುತ್ತದೆ. ಆ ಪಟ್ಟಿಯಲ್ಲಿ ಎಪಿ ಎಂಬ ಎರಡಕ್ಷರ ಇದ್ದರೆ ಅದು ಹಾಟ್‌ಸ್ಪಾಟ್ ಆಗಬಲ್ಲದು. ಇಲ್ಲದಿದ್ದರೆ ಎಷ್ಟು ಪ್ರಯತ್ನಿಸಿದರೂ ಆಗದು. ಆಗ ಲಿನಕ್ಸಿನಲ್ಲಿ ಮೊದಲೇ ಚಾಲಕ ತಂತ್ರಾಂಶ ಇರುವ, ಎಪಿ ಸಾಮರ್ಥ್ಯವುಳ್ಳ ಚಿಕ್ಕ ಯುಎಸ್‌ಬಿ ವೈಫೈ ಕಡ್ಡಿಯೊಂದನ್ನು ಕೊಂಡು ಚುಚ್ಚುವುದೇ ಪರಿಹಾರ. ಆಗದ ಕೆಲಸ ಯಾವುದು ಎಂಬುದನ್ನು ಬೇಗ ತಿಳಿಯುವುದೂ ಒಂದು ವಿದ್ಯೆ.

ಮೂರನೆಯದು ಅಲೆಪಟ್ಟಿಯ ಪ್ರಶ್ನೆ. ವೈಫೈ ಮುಖ್ಯವಾಗಿ 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ಪಟ್ಟಿಗಳಲ್ಲಿ ನಡೆಯುತ್ತದೆ. ಯಾವ ದೇಶದಲ್ಲಿ ಯಾವ ವಾಹಿನಿ ಬಳಸಬಹುದು ಎಂಬುದಕ್ಕೆ ಕಾನೂನು ಇದೆ. ತಾನು ಯಾವ ದೇಶದಲ್ಲಿದ್ದೇನೆಂದು ಗಣಕಯಂತ್ರಕ್ಕೆ ತಿಳಿಯದಿದ್ದರೆ ಅದು ಎಲ್ಲ ದೇಶಗಳಿಗೂ ಒಪ್ಪುವ ಅತಿ ಕಟ್ಟುನಿಟ್ಟಾದ ನಿಯಮವನ್ನು ಅನುಸರಿಸಿ, 5 ಗಿಗಾಹರ್ಟ್ಸ್ ಪಟ್ಟಿಯಲ್ಲಿ ತಾನಾಗಿ ಜಾಲ ಆರಂಭಿಸಲು ನಿರಾಕರಿಸುತ್ತದೆ. ಕೆಲವು ಕಾರ್ಡುಗಳು ದೇಶ ಯಾವುದೆಂದು ಹೇಳಿದರೂ ಒಪ್ಪುವುದಿಲ್ಲ. ಹಾಟ್‌ಸ್ಪಾಟ್ ಆರಂಭವಾದಂತೆ ಕಂಡು ಮರುಕ್ಷಣವೇ ನಿಂತುಹೋಗುವುದಕ್ಕೆ ಇದು ಒಂದು ಕಾರಣ. 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ 1, 6 ಅಥವಾ 11ನೆಯ ವಾಹಿನಿಯನ್ನು ಆಯ್ದರೆ ತೊಡಕು ಬಹುಮಟ್ಟಿಗೆ ತೀರುತ್ತದೆ. ದಪ್ಪ ಗೋಡೆಗಳನ್ನು ದಾಟುವುದರಲ್ಲಿಯೂ ಈ ಪಟ್ಟಿಯೇ ಮೇಲು.

ನಾಲ್ಕನೆಯದಾಗಿ, ಜಾಲದ ಹೆಸರು ಕಂಡರೂ ಸೇರಲು ಆಗದಿದ್ದರೆ ಗುಪ್ತಪದದ ಕಡೆ ನೋಡಬೇಕು. ಅದು ಕನಿಷ್ಠ 8 ಅಕ್ಷರಗಳದ್ದಾಗಿರಬೇಕು. ಹೊಸ ಬಗೆಯ ರಕ್ಷಣಾ ಪದ್ಧತಿಯನ್ನು ಹಳೆಯ ಉಪಕರಣಗಳು ಅರಿಯದೆ ಹೊರಗೆ ಉಳಿಯುವುದೂ ಉಂಟು. ಹಾಗೆಂದು ಗುಪ್ತಪದವನ್ನೇ ತೆಗೆದು ಜಾಲವನ್ನು ಹಾದಿಹೋಕರಿಗೆಲ್ಲ ತೆರೆದಿಡುವುದು ಸರ್ವಥಾ ಸಲ್ಲದು. ಶಾಲೆಯ ಸಂಪರ್ಕದಲ್ಲಿ ಯಾರೇ ಏನೇ ಮಾಡಿದರೂ ಉತ್ತರ ಹೇಳಬೇಕಾದವರು ಮುಖ್ಯೋಪಾಧ್ಯಾಯರು.

ಐದನೆಯ ಹಂತವೇ ಎಲ್ಲಕ್ಕಿಂತ ಸ್ವಾರಸ್ಯವಾದದ್ದು. ಜಾಲವನ್ನು ಸೇರಿದ ಪ್ರತಿಯೊಂದು ಯಂತ್ರಕ್ಕೂ ಒಂದು ವಿಳಾಸ ಬೇಕು. ಟಪಾಲಿಗೆ ಮನೆಯ ವಿಳಾಸ ಹೇಗೋ ಹಾಗೆ. ಲಿನಕ್ಸಿನಲ್ಲಿ ನೆಟ್‌ವರ್ಕ್ ಮ್ಯಾನೇಜರ್ ಎಂಬ ವ್ಯವಸ್ಥೆ ಹಾಟ್‌ಸ್ಪಾಟ್ ಮಾಡಿದ ಲ್ಯಾಪ್‌ಟಾಪಿಗೆ ಸಾಮಾನ್ಯವಾಗಿ 10.42.0.1 ಎಂಬ ವಿಳಾಸವನ್ನು ಕೊಡುತ್ತದೆ. ಉಳಿದವುಗಳಿಗೆ ಅದೇ ಸಾಲಿನ ಮುಂದಿನ ಸಂಖ್ಯೆಗಳನ್ನು ಹಂಚುವ ಕೆಲಸ ಡಿಎನ್‌ಎಸ್‌ಮಾಸ್ಕ್ ಎಂಬ ಸಣ್ಣ ತಂತ್ರಾಂಶದ್ದು. ಮಗುವಿನ ಪರದೆಯಲ್ಲಿ ವಿಳಾಸ ಪಡೆಯಲಾಗುತ್ತಿದೆ ಎಂಬ ಸಂದೇಶ ಕದಲದೆ ನಿಂತಿದ್ದರೆ ತಪ್ಪು ಇಲ್ಲಿಯೇ ಇದೆ. ಆ ತಂತ್ರಾಂಶ ಯಂತ್ರದಲ್ಲಿ ಇಲ್ಲದಿರಬಹುದು; ಅದೇ ಕೆಲಸ ಮಾಡುವ ಇನ್ನೊಂದು ತಂತ್ರಾಂಶ ಮೊದಲೇ ಆ ಜಾಗದಲ್ಲಿ ಕುಳಿತಿರಬಹುದು; ಅಥವಾ ರಕ್ಷಣೆಗೆಂದು ಹಾಕಿದ ಫೈರ್‌ವಾಲ್ ವಿಳಾಸ ಕೇಳಿ ಬಂದವರನ್ನು ಬಾಗಿಲಲ್ಲೇ ತಡೆದಿರಬಹುದು. ವಿಳಾಸ ಕೇಳುವವರು 67ನೆಯ ದ್ವಾರಕ್ಕೂ ಹೆಸರು ಕೇಳುವವರು 53ನೆಯ ದ್ವಾರಕ್ಕೂ ಬರುತ್ತಾರೆ. ಹಾಟ್‌ಸ್ಪಾಟಿನ ಕಡೆಯಿಂದ ಬರುವವರಿಗೆ ಈ ಎರಡನ್ನು ತೆರೆದಿಡಬೇಕು. ಇಡೀ ಫೈರ್‌ವಾಲನ್ನು ಕೆಡಹಬೇಕಾಗಿಲ್ಲ.

ಆರನೆಯದಾಗಿ, ವಿಳಾಸ ದೊರೆತರೂ ಪುಟ ತೆರೆಯದಿದ್ದರೆ ಮಕ್ಕಳಿಂದ ಮೂರು ಪರೀಕ್ಷೆಗಳನ್ನು ಮಾಡಿಸಬಹುದು. ಪಿಂಗ್ ಎಂಬ ಆಜ್ಞೆಯಿಂದ 10.42.0.1ನ್ನು ಕೂಗಿ ಕರೆಯಲಿ. ಉತ್ತರ ಬಂದರೆ ತರಗತಿಯೊಳಗಿನ ದಾರಿ ಸರಿಯಾಗಿದೆ. ತರುವಾಯ 8.8.8.8 ಎಂಬ ಹೊರಗಿನ ವಿಳಾಸವನ್ನು ಕರೆಯಲಿ. ಅದಕ್ಕೆ ಉತ್ತರ ಬಾರದಿದ್ದರೆ ನಡುವಿನ ಲ್ಯಾಪ್‌ಟಾಪ್ ಒಂದು ಕಡೆಯಿಂದ ಬಂದದ್ದನ್ನು ಇನ್ನೊಂದು ಕಡೆಗೆ ದಾಟಿಸುತ್ತಿಲ್ಲ ಎಂದು ಅನುಮಾನಿಸಬೇಕು. ಕೊನೆಗೆ ಒಂದು ಜಾಲತಾಣದ ಹೆಸರನ್ನು ಕರೆಯಲಿ. ಸಂಖ್ಯೆಗೆ ಉತ್ತರ ಬಂದು ಹೆಸರಿಗೆ ಬಾರದಿದ್ದರೆ ದಾರಿ ಸರಿಯಾಗಿಯೇ ಇದೆ, ಹೆಸರನ್ನು ಸಂಖ್ಯೆಯಾಗಿ ಬದಲಿಸುವ ವ್ಯವಸ್ಥೆ ಮಾತ್ರ ಕೆಟ್ಟಿದೆ. ಮೂರೇ ಪ್ರಶ್ನೆಗಳಿಂದ ದೋಷ ಇರುವ ಜಾಗ ಬೆರಳಿಟ್ಟು ತೋರಿಸುವಷ್ಟು ಸ್ಪಷ್ಟವಾಗುತ್ತದೆ. ತರ್ಕಶಾಸ್ತ್ರದ ಪಾಠವನ್ನು ಇದಕ್ಕಿಂತ ಚೆನ್ನಾಗಿ ಹೇಳಿಕೊಡಲು ಸಾಧ್ಯವೇ?

ಇಷ್ಟಾದ ಮೇಲೂ ಒಮ್ಮೆ ಸರಿಯಾಗಿದ್ದು ಸ್ವಲ್ಪ ಹೊತ್ತಿನಲ್ಲಿ ನಿಂತರೆ, ಲ್ಯಾಪ್‌ಟಾಪ್ ವಿದ್ಯುತ್ತು ಉಳಿಸಲು ನಿದ್ರೆಗೆ ಜಾರಿತೇ, ಯಾರಾದರೂ ಮುಚ್ಚಳ ಮುಚ್ಚಿದರೇ ಎಂದು ನೋಡಬೇಕು. ನಡೆದುದೆಲ್ಲವನ್ನೂ ಲಿನಕ್ಸ್ ತನ್ನ ದಿನಚರಿಯಲ್ಲಿ ಬರೆದಿಡುತ್ತದೆ. ಜರ್ನಲ್‌ಸಿಟಿಎಲ್ ಎಂಬ ಆಜ್ಞೆಯಿಂದ ಅದನ್ನು ಓದಬಹುದು. ಈ ಎಲ್ಲ ಹಂತಗಳಿಗೂ ಅನ್ವಯಿಸುವ ನಿಯಮ ಒಂದೇ. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು, ಬದಲಿಸಿದ್ದನ್ನು ಬರೆದಿಡಬೇಕು. ನಾಲ್ಕನ್ನು ಒಮ್ಮೆಲೇ ಬದಲಿಸಿ ಯಂತ್ರ ಸರಿಯಾದರೆ, ರೋಗ ಯಾವುದು ಮದ್ದು ಯಾವುದು ಎಂಬುದು ಯಾರಿಗೂ ತಿಳಿಯದು.

ಇಲ್ಲಿಯವರೆಗೆ ಓದಿದವರು ಒಂದು ಮಾತನ್ನು ಗಮನಿಸಿರಬಹುದು. ಮೇಲಿನ ವಿವರಣೆಯಲ್ಲಿ ಪಿಂಗ್, ಫೈರ್‌ವಾಲ್, ಹಾಟ್‌ಸ್ಪಾಟ್ ಮುಂತಾದ ಪದಗಳು ಹಾಗೆಯೇ ಉಳಿದಿವೆ. ಅದರಿಂದ ಕನ್ನಡಕ್ಕೆ ಕುಂದೇನೂ ಬಂದಿಲ್ಲ. ರೈಲು, ಬಸ್ಸು, ಪೋಸ್ಟಾಫೀಸುಗಳನ್ನು ನಾವು ಹೀಗೆಯೇ ಬರಮಾಡಿಕೊಂಡೆವು. ತಾಂತ್ರಿಕ ವಿಷಯವನ್ನು ಇಂಗ್ಲಿಷಿನಲ್ಲೇ ಕಲಿಯುವುದು ಮೇಲು, ಮುಂದೆ ಉದ್ಯೋಗಕ್ಕೆ ಅದೇ ಬೇಕಲ್ಲ ಎಂದು ವಾದಿಸುವವರ ಆತಂಕವನ್ನು ನಾನು ಅಲ್ಲಗಳೆಯುವುದಿಲ್ಲ. ಇಂಗ್ಲಿಷ್ ಬೇಕು, ಅದನ್ನು ಚೆನ್ನಾಗಿ ಕಲಿಸಲೂ ಬೇಕು. ಆದರೆ ಇದು ಹೀಗಾಗಿದ್ದರೆ ಅದು ಹಾಗಾಗಬೇಕಿತ್ತು, ಹಾಗಾಗಲಿಲ್ಲ, ಆದ್ದರಿಂದ ಇದು ಹೀಗಲ್ಲ ಎಂದು ಯೋಚಿಸುವ ಶಕ್ತಿ ಮಗುವಿನಲ್ಲಿ ಬೆಳೆಯುವುದು ಅದಕ್ಕೆ ಸಲೀಸಾದ ಭಾಷೆಯಲ್ಲಿ. ಆ ಶಕ್ತಿ ಬಂದ ಮೇಲೆ ಪದಗಳನ್ನು ಯಾವ ಭಾಷೆಯಿಂದಲೂ ತಂದುಕೊಳ್ಳಬಹುದು. ಶಕ್ತಿಯಿಲ್ಲದೆ ಪದಗಳನ್ನಷ್ಟೇ ಕಲಿತವನು ಯಂತ್ರ ಕೆಟ್ಟಾಗ ಅದನ್ನು ಆರಿಸಿ ಮತ್ತೆ ಹಚ್ಚುವುದಕ್ಕಿಂತ ಮುಂದೆ ಹೋಗಲಾರ.

ಮನೆಮನೆಯಲ್ಲೂ ಮೊಬೈಲ್ ಇರುವಾಗ ಈ ಸಾಹಸವೇಕೆ ಎಂದು ಕೇಳುವವರೂ ಇದ್ದಾರೆ. ಅವರಿಗೆ ಒಂದು ಸಂಗತಿಯನ್ನು ನಿವೇದಿಸಬೇಕು. ಹಾಟ್‌ಸ್ಪಾಟಿಗೆ ಅಂತರ್ಜಾಲ ಇರಲೇಬೇಕೆಂದಿಲ್ಲ. ಮಳೆಗಾಲದಲ್ಲಿ ಮರ ಬಿದ್ದು ತಂತಿ ಕಡಿದರೂ ಲ್ಯಾಪ್‌ಟಾಪ್ ತನ್ನೊಳಗಿರುವುದನ್ನು ತರಗತಿಗೆ ಹಂಚಬಲ್ಲದು. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯವನ್ನು ಕಿವಿಕ್ಸ್ ಎಂಬ ಉಚಿತ ತಂತ್ರಾಂಶದ ಮೂಲಕ ಒಮ್ಮೆ ಇಳಿಸಿಕೊಂಡು ಇಟ್ಟರೆ, ಅಂತರ್ಜಾಲವೇ ಇಲ್ಲದೆ ಕೋಣೆಯ ಮಕ್ಕಳೆಲ್ಲ ಅದನ್ನು ಓದಬಹುದು. ಅಧ್ಯಾಪಕರು ಸಿದ್ಧಪಡಿಸಿದ ಟಿಪ್ಪಣಿಗಳು, ನಮ್ಮ ಶಾಲೆಯ ಹಳೆಯ ಕೈಬರಹ ಪತ್ರಿಕೆಗಳ ಚಿತ್ರಗಳು, ಊರಿನ ಹಿರಿಯರು ಹೇಳಿದ ಪಾಡ್ದನಗಳ ಧ್ವನಿಮುದ್ರಣ, ಇವೆಲ್ಲವನ್ನೂ ಹಾಗೆಯೇ ಹಂಚಬಹುದು. ಹೊರಗಿನಿಂದ ಬರುವುದನ್ನು ಕಾಯುತ್ತ ಕುಳಿತುಕೊಳ್ಳುವ ಶಾಲೆಗೂ ತನ್ನಲ್ಲಿರುವುದನ್ನು ತಾನೇ ಹಂಚುವ ಶಾಲೆಗೂ ಇರುವ ಅಂತರ ದೊಡ್ಡದು.

ಈ ನಿಟ್ಟಿನಲ್ಲಿ ಶಾಲಾ ಆಡಳಿತ ಮಂಡಳಿಯ ಮತ್ತು ಹಳೆ ವಿದ್ಯಾರ್ಥಿಗಳ ಮುಂದೆ ಮೂರು ಸಲಹೆಗಳನ್ನು ವಿನಯಪೂರ್ವಕವಾಗಿ ಇಡುತ್ತೇನೆ.

ಮೊದಲನೆಯದು, ಮೇಲೆ ಹೇಳಿದ ಹಂತಗಳನ್ನು ಕನ್ನಡದಲ್ಲಿ ಒಂದೇ ಹಾಳೆಯಲ್ಲಿ ದಪ್ಪ ಅಕ್ಷರಗಳಲ್ಲಿ ಅಚ್ಚುಹಾಕಿಸಿ ಗಣಕಯಂತ್ರ ಕೊಠಡಿಯ ಗೋಡೆಗೆ ಅಂಟಿಸುವುದು. ಅದರ ಪಕ್ಕದಲ್ಲಿ ಒಂದು ದೋಷ ಪುಸ್ತಕವನ್ನು ಇಡುವುದು. ದಿನಾಂಕ, ಕಂಡ ಲಕ್ಷಣ, ಸಿಕ್ಕಿದ ಕಾರಣ, ಮಾಡಿದ ಪರಿಹಾರ ಎಂಬ ನಾಲ್ಕು ಕಲಮುಗಳನ್ನು ವಿದ್ಯಾರ್ಥಿಗಳೇ ತುಂಬಲಿ. ಮೂರು ವರ್ಷಗಳಲ್ಲಿ ಆ ಪುಸ್ತಕ ಯಾವ ಅಂಗಡಿಯಲ್ಲಿಯೂ ಸಿಗದ ಪಠ್ಯಪುಸ್ತಕವಾಗುತ್ತದೆ. ಎರಡನೆಯದು, ಪೇಟೆಯಿಂದ ಬಲ್ಲವರು ಬಂದಾಗ ಇಬ್ಬರು ವಿದ್ಯಾರ್ಥಿಗಳು ಜೊತೆಯಲ್ಲಿ ನಿಂತು, ಮಾಡಿದ್ದೇನೆಂದು ಕೇಳಿ, ಅದನ್ನು ಕನ್ನಡದಲ್ಲಿ ಬರೆದುಕೊಳ್ಳುವ ಪದ್ಧತಿ. ಮೂರನೆಯದು ಹಳೆ ವಿದ್ಯಾರ್ಥಿಗಳಿಗೆ ಸೇರಿದ್ದು. ಮಂಗಳೂರು, ಬೆಂಗಳೂರು, ಕೊಲ್ಲಿ ರಾಷ್ಟ್ರಗಳಲ್ಲಿ ತಂತ್ರಜ್ಞರಾಗಿ ದುಡಿಯುವ ಅನೇಕರು ಈ ಶಾಲೆಯ ಬೆಂಚಿನಿಂದ ಎದ್ದು ಹೋದವರು. ಅವರು ಕೊಡುವ ಕೊಡುಗೆಗಳಿಗೆ ಶಾಲೆ ಚಿರಋಣಿ. ಆದರೆ ಕೊಡುಗೆಯ ಲ್ಯಾಪ್‌ಟಾಪ್ ಐದಾರು ವರ್ಷಗಳಲ್ಲಿ ಹಳತಾಗುತ್ತದೆ. ವರ್ಷಕ್ಕೆ ಒಂದು ದಿನ ಬಂದು, ಬೇಕೆಂದೇ ಜಾಲದಲ್ಲಿ ಒಂದು ದೋಷವನ್ನು ಹುದುಗಿಸಿಟ್ಟು, ಮಕ್ಕಳು ಅದನ್ನು ಹುಡುಕುವುದನ್ನು ಬದಿಯಲ್ಲಿ ನಿಂತು ನೋಡಿ, ಕೊನೆಗೆ ಕನ್ನಡದಲ್ಲಿ ವಿವರಿಸಿದರೆ ಆ ಒಂದು ದಿನದ ಫಲ ಮಗುವಿನ ಆಯುಷ್ಯದುದ್ದಕ್ಕೂ ಉಳಿಯುತ್ತದೆ. ಲಿನಕ್ಸಿನ ಪರದೆಯಲ್ಲಿ ಕಾಣುವ ಸಂದೇಶಗಳನ್ನು ಸ್ವಯಂಸೇವಕರು ಕನ್ನಡಕ್ಕೆ ತಂದಿದ್ದಾರೆ; ಆದರೂ ಬಹಳಷ್ಟು ಇನ್ನೂ ಇಂಗ್ಲಿಷಿನಲ್ಲೇ ಉಳಿದಿದೆ. ದೋಷ ಪುಸ್ತಕ ಬರೆದು ಪಳಗಿದ ನಮ್ಮ ಹುಡುಗ ಹುಡುಗಿಯರೇ ಮುಂದೊಂದು ದಿನ ಆ ಕೆಲಸಕ್ಕೂ ಕೈಹಚ್ಚಬಾರದೇಕೆ?

ಭಾಷೆಯನ್ನು ಉಳಿಸುವುದಕ್ಕೆ ನಾವು ಸಭೆ ನಡೆಸಿದ್ದೇವೆ, ಮೆರವಣಿಗೆ ಮಾಡಿದ್ದೇವೆ, ಮನವಿ ಸಲ್ಲಿಸಿದ್ದೇವೆ. ಅವೆಲ್ಲವೂ ಬೇಕಾಗಿದ್ದವು, ಇನ್ನು ಮುಂದೆಯೂ ಬೇಕು. ಆದರೆ ಜನರು ತಮ್ಮ ನಿತ್ಯದ ಕೆಲಸದಲ್ಲಿ ಆಶ್ರಯಿಸುವ ಭಾಷೆಗೆ ಬೇರೆ ರಕ್ಷಣೆ ಅಷ್ಟಾಗಿ ಬೇಕಾಗುವುದಿಲ್ಲ. ಸುರಂಗ ತೋಡಿದ ಅಜ್ಜಂದಿರು ನೀರಿನ ಲೆಕ್ಕವನ್ನು ತಮ್ಮ ಮಾತಿನಲ್ಲೇ ಹಾಕಿದರು. ಆ ಲೆಕ್ಕ ತಪ್ಪಲಿಲ್ಲ. ಅವರ ಮೊಮ್ಮಕ್ಕಳು ಜಾಲದ ಲೆಕ್ಕವನ್ನು ತಮ್ಮ ಮಾತಿನಲ್ಲಿ ಹಾಕುವಂತಾಗಲಿ.